ಗೌಂಡಿ ಕಾಕಾನ ಗಿಳಿಹಸಿರು ಫ್ರೇಮು

ನಮ್ಮ ಬಾಲ್ಕನಿಯಲ್ಲಿ ಒಂಬತ್ತು ಸೈಕಲ್ಲುಗಳಿದ್ದವು ಎಂದರೆ, ಕೇಳಿದವರು ಇದೇನೋ ದಿನಾ ಸೈಕಲ್ ತುಳಿದು ಆರೋಗ್ಯವಾಗಿರುವ ಮನೆತನ ಎಂದುಕೊಳ್ಳುತ್ತಾರೆ. ಒಂಬತ್ತರಲ್ಲಿ ಒಂದಕ್ಕೂ ಗಾಲಿ ಇರಲಿಲ್ಲ. ಅವು ಫ್ರೇಮುಗಳು. ಅಂದರೆ ಸೈಕಲ್ಲಿನಿಂದ ಗಾಲಿ, ಚೈನು, ಸೀಟು, ಹ್ಯಾಂಡಲ್ ಹೀಗೆ ಉಪಯೋಗಕ್ಕೆ ಬರುವುದನ್ನೆಲ್ಲ ಕಳಚಿದ ಮೇಲೆ ಉಳಿಯುವ ವಸ್ತು. ನಲವತ್ತು ವರ್ಷದ ಹಿಂದೆ ಇಟಲಿಯಲ್ಲೋ ಜಪಾನಿನಲ್ಲೋ ರೇಸಿಗಾಗಿ ಮಾಡಿದ, ತೆಳು ಉಕ್ಕಿನ ಕೊಳವೆಗಳ ಚೌಕಟ್ಟು. ಅದನ್ನು ಕೊಂಡು, ಒರೆಸಿ, ಗೋಡೆಗೆ ಆನಿಸಿ ಫೋಟೋ ತೆಗೆದು, ನನ್ನಂಥ ಇನ್ನೊಬ್ಬ ತಿಳಿಗೇಡಿಗೆ ಮಾರುವುದು ನನ್ನ ಹವ್ಯಾಸ. ಹೆಂಡತಿಯ ಪ್ರಕಾರ ನನಗೂ ಗುಜರಿಯವನಿಗೂ ಇರುವ ವ್ಯತ್ಯಾಸ ಒಂದೇ. ಗುಜರಿಯವನಿಗೆ ಲಾಭ ಬರುತ್ತದೆ.

ಮೊದಲು ನನ್ನ ಕುಲಗೋತ್ರ ಹೇಳಿಬಿಡುತ್ತೇನೆ. ಅಜ್ಜ ಕಲಬುರಗಿ ಕಡೆಯಿಂದ ಬಂದು ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವರು. ಅಪ್ಪ ಅಂಗಡಿ ಬಿಟ್ಟು ನೌಕರಿ ಹಿಡಿದರು. ನಾನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ, ಕೊರತೆಪಟ್ಟಿ ಎಂಬ ಕಾಗದದಲ್ಲಿ ಬರೆದು, ಸಹಿ ಹಾಕಿ, ಸರಿಪಡಿಸಿ ಎಂದು ಕಳಿಸುವುದು ನನ್ನ ಉದ್ಯೋಗ. ಇಪ್ಪತ್ತು ವರ್ಷದಿಂದ ಕಳಿಸುತ್ತಿದ್ದೇನೆ. ಬರೆದ ಕೊರತೆಗಳೆಲ್ಲ ಸರಿಯಾದವು ಎಂದು ಒಂದು ಪಟ್ಟಿಯಾದರೂ ತಿರುಗಿ ಬಂದದ್ದು ನೆನಪಿಲ್ಲ. ಮನೆ ನಾರಾಯಣಗೂಡದಲ್ಲಿ, ಮೂರನೆಯ ಮಹಡಿ. ಎದುರಿಗೆ, ಪಕ್ಕಕ್ಕೆ, ಹಿಂದಕ್ಕೆ ಎಲ್ಲ ಕಡೆ ಕೋಚಿಂಗ್ ಸೆಂಟರುಗಳು. ನಮ್ಮ ಓಣಿಯಲ್ಲಿ ಇಂಜಿನಿಯರಾಗದೆ ಉಳಿದವು ಬೀದಿನಾಯಿಗಳು ಮಾತ್ರ. ಮನೆಯೊಳಗೆ ಕನ್ನಡ, ಮೆಟ್ಟಿಲ ಮೇಲೆ ತೆಲುಗು, ರಸ್ತೆಗಿಳಿದರೆ ಹಿಂದಿ. ಚೌಕಾಶಿಗೆ ಮಾತ್ರ, ಮೂರರಲ್ಲಿ ಯಾವುದರಿಂದ ಎದುರಿನವನು ಕರಗುತ್ತಾನೋ ಅದು.

ಹಳೆ ಫ್ರೇಮಿನ ಹುಚ್ಚು ಇರುವವರು ಹೈದರಾಬಾದಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಇದಕ್ಕೊಂದು ಮಠವೇ ಇದೆ. ಮಠ ಇರುವುದು ಫೋನಿನಲ್ಲಿ. ಮೂವತ್ತು ಚಿಲ್ಲರೆ ಜನರ ವಾಟ್ಸಾಪ್ ಗುಂಪು, ಅದಕ್ಕೆ ಒಬ್ಬ ದಂತವೈದ್ಯರು ಪೀಠಾಧಿಪತಿ. ಯಾರಾದರೂ ಹೊಸ ಫ್ರೇಮಿನ ಫೋಟೋ ಹಾಕಿದರೆ ಡಾಕ್ಟರು ಮೊದಲು ಕೊಳವೆಗಳು ಕೂಡುವ ಸಂದುಗಳನ್ನು ನೋಡುತ್ತಾರೆ, ಬಾಯಿ ತೆಗೆಸಿ ದವಡೆ ನೋಡುವ ಹಾಗೆ. ಆಮೇಲೆ ದಾರದ ಪರೀಕ್ಷೆ. ಹಿಂದಿನ ಗಾಲಿ ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಮುಂದಿನ ತಲೆಕೊಳವೆ ಸುತ್ತಿಸಿ, ಇನ್ನೊಂದು ಕಡೆಗೆ ತಂದು ಬಿಗಿಯುವುದು. ನಡುವಿನ ಕೊಳವೆಗೂ ದಾರಕ್ಕೂ ಎರಡೂ ಮಗ್ಗುಲಲ್ಲಿ ಅಂತರ ಒಂದೇ ಬಂದರೆ ಫ್ರೇಮು ನೆಟ್ಟಗಿದೆ ಎಂದರ್ಥ. ಈ ಪರೀಕ್ಷೆಗೆ ನಾವು ಹಾಕುತ್ತಿದ್ದ ಗಂಭೀರ ಮುಖವನ್ನು ಮದುವೆಯ ಜಾತಕ ನೋಡುವಾಗಲೂ ಯಾರೂ ಹಾಕುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಆ ಸೈಕಲ್ಲನ್ನು ತುಳಿಯುತ್ತೀರಾ ಎಂದು ಕೇಳಿದರೆ, ಈ ಊರಿನ ರಸ್ತೆಯಲ್ಲಾ, ಹುಚ್ಚೇ ಎನ್ನುತ್ತಿದ್ದೆವು. ಎಲ್ಲರೂ ಕಾರಿನಲ್ಲಿ ಬಂದು ಸೈಕಲ್ಲಿನ ಬಗ್ಗೆ ಮಾತಾಡಿ ಕಾರಿನಲ್ಲಿ ಹೋಗುತ್ತಿದ್ದೆವು.

ಮಠದ ಮೂಲಮಂತ್ರ ಒಂದೇ: ಬಣ್ಣ ಮೂಲದ್ದೇ ಇರಬೇಕು. ಕಾರ್ಖಾನೆಯಲ್ಲಿ ಮೊದಲು ಹಚ್ಚಿದ ಬಣ್ಣ, ಮೊದಲು ಅಂಟಿಸಿದ ಅಕ್ಷರ. ಅದು ಮಾಸಿರಲಿ, ಕಿತ್ತಿರಲಿ, ನಾಯಿ ನೆಕ್ಕಿರಲಿ, ಮೂಲದ್ದಾದರೆ ಸಾಕು. ಯಾರಾದರೂ ಅದರ ಮೇಲೆ ಹೊಸ ಬಣ್ಣ ಬಳಿದರೆ ಆ ಫ್ರೇಮು ನಮ್ಮ ಲೆಕ್ಕದಲ್ಲಿ ಸತ್ತ ಹಾಗೆ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಹಬ್ಬ ಬಂದರೆ ಮನೆಗೆ ಸುಣ್ಣ, ಬಾಗಿಲಿಗೆ ಬಣ್ಣ ಹೊಡೆಯುವ ದೇಶದಲ್ಲಿ ತುಕ್ಕು ಕಾಯ್ದುಕೊಂಡು ಕೂರುವ ಜನ ನಾವು.

ಇನ್ನು ವ್ಯಾಪಾರದ ವಿದ್ಯೆ. ಅದನ್ನು ಕಲಿತದ್ದು ಅಜ್ಜನಿಂದ. ಗಿರಾಕಿ ಒಂದು ಸೀರೆಯನ್ನು ಎರಡು ಸಲ ಮುಟ್ಟಿದರೆ ಅದು ಮಾರಿಹೋಯಿತು ಎಂದೇ ತಿಳಿ, ಎನ್ನುತ್ತಿದ್ದರು ಅವರು. ಅವರು ಹೇಳಿದ್ದು ಮಾರುವವನ ಜಾಣತನ. ನಾನು ಅದನ್ನು ಕೊಳ್ಳುವವನ ಕಡೆಗೆ ತಿರುಗಿಸಿಕೊಂಡೆ. ಬೇಕಾದ ವಸ್ತುವನ್ನು ಮುಟ್ಟಬಾರದು. ಕಣ್ಣು ಬೇರೆ ಕಡೆ ಇರಬೇಕು. ಅದರಲ್ಲಿ ಯಾವುದು ಎಲ್ಲಕ್ಕಿಂತ ಚೆಂದವೋ ಅದನ್ನೇ ಹಿಡಿದು ತೆಗಳಬೇಕು. ಅವಸರ ಮಾತ್ರ ತೋರಿಸಲೇಬಾರದು. ಈ ವಿದ್ಯೆಯಿಂದ ನಾನು ಎಷ್ಟೋ ಜನರ ಮನೆಯ ಅಟ್ಟದಿಂದ ಎಷ್ಟೋ ಫ್ರೇಮುಗಳನ್ನು ಇಳಿಸಿದ್ದೇನೆ. ಮೋಸ ಎಂದು ಆಗ ಅನ್ನಿಸಿರಲಿಲ್ಲ. ಸುಳ್ಳನ್ನು ನಾವು ಹೇಳಿದರೆ ಅದಕ್ಕೆ ವ್ಯವಹಾರ ಎನ್ನುತ್ತೇವೆ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಕೊತ್ತಂಬರಿ ತರಲು ಕಳಿಸಿದ್ದಳು. ಹಿಂದಿನ ಓಣಿಯಲ್ಲಿ ಹಳೆ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಉಸುಕಿನ ಗುಡ್ಡೆಗೆ ಆನಿಸಿ ಒಂದು ಸೈಕಲ್ ನಿಂತಿತ್ತು. ಹ್ಯಾಂಡಲ್ ಯಾವುದೋ ಸಾದಾ ಸೈಕಲ್ಲಿನದು, ಸೀಟಿನ ಮೇಲೆ ಗೋಣಿತಟ್ಟು, ಅಡ್ಡಕೊಳವೆಗೆ ಬುತ್ತಿಯ ಚೀಲ, ಚೀಲದಿಂದ ಹೊರಗೆ ಇಣುಕುತ್ತಿದ್ದ, ಗೋಡೆಗೆ ಗಿಲಾವು ಮೆತ್ತುವ ಕರಣಿ. ಇವುಗಳ ಅಡಿಯಲ್ಲಿ ಇದ್ದದ್ದು, ನಾನು ಹನ್ನೆರಡು ವರ್ಷದಿಂದ ಬರೀ ಫೋಟೋದಲ್ಲಿ ನೋಡಿದ್ದ ಫ್ರೇಮು. ಇಟಲಿಯದು. ಮಾಸಿದ ತಿಳಿನೀಲಿ. ಸಂದುಗಳ ಅಂಚಿನಲ್ಲಿ ಕೈಯಿಂದ ಅರ ಹಾಕಿ ಕೊರೆದ ಎಲೆ, ಆ ಎಲೆಗೆ ಬೆಳ್ಳಿಯಂಥ ಹೊಳಪು. ಕೆಳಕೊಳವೆಯ ಮೇಲೆ ಕಂಪನಿಯ ಹೆಸರು ಅರ್ಧ ಅಳಿಸಿತ್ತು, ಅರ್ಧ ಉಳಿದಿತ್ತು. ಬಣ್ಣ ಮೂಲದ್ದೇ. ಆದರೂ ವಿದ್ಯೆ ಮರೆಯಲಿಲ್ಲ. ಸೈಕಲ್ಲಿಗೆ ಬೆನ್ನು ಮಾಡಿ ನಿಂತು ಕಟ್ಟಡವನ್ನು ನೋಡತೊಡಗಿದೆ.

ಒಳಗಿನಿಂದ ಅದರ ಯಜಮಾನ ಬಂದ. ಐವತ್ತು ದಾಟಿದ ಗೌಂಡಿ. ನಮ್ಮ ಕಡೆ ಗೋಡೆ ಕಟ್ಟುವವರನ್ನು ಗೌಂಡಿ ಎನ್ನುತ್ತೇವೆ. ತಲೆಗೆ ಸುತ್ತಿದ ಟವೆಲ್ಲು, ಮೊಣಕೈವರೆಗೆ ಸಿಮೆಂಟು. ಒಳಗಿದ್ದ ಹೆಂಡತಿಗೆ ಏನೋ ಕೂಗಿ ಹೇಳಿದ್ದು ಕನ್ನಡದಲ್ಲಿ. ನನಗೆ ಅಷ್ಟು ಸಾಕಾಗಿತ್ತು. ಯಾವ ಊರು ಕಾಕಾ ಎಂದೆ. ನಮ್ಮ ಮನೆಯಲ್ಲಿ ಸ್ವಂತ ಕಾಕಾನ ಜೊತೆ ಆಸ್ತಿಯ ಜಗಳದಿಂದಾಗಿ ಹತ್ತು ವರ್ಷದಿಂದ ಮಾತಿಲ್ಲ. ಆದರೆ ಗುರುತಿಲ್ಲದ ಗೌಂಡಿ ಒಂದು ನಿಮಿಷದಲ್ಲಿ ಕಾಕಾ ಆದ. ಲಿಂಗಸುಗೂರು ಕಡೆಯವನಂತೆ. ಅಂಬರ್‌ಪೇಟೆಯಲ್ಲಿ ಖೋಲಿ ಮಾಡಿಕೊಂಡು ಗಂಡ ಹೆಂಡತಿ ಇದ್ದರು. ಕನ್ನಡದವರು ಸಿಕ್ಕರು ಎಂದು ಅವನಿಗೆ ಎಷ್ಟು ಖುಷಿಯಾಯಿತೆಂದರೆ, ನನ್ನನ್ನು ಕೂಡಿಸಲು ಸಿಮೆಂಟಿನ ಚೀಲ ಝಾಡಿಸಿ ಹಾಸಿದ. ಚಹಾ ತರಿಸಿದ.

ಅರ್ಧ ಚಹಾ ಮುಗಿದ ಮೇಲೆ, ಆಗಷ್ಟೇ ಕಣ್ಣಿಗೆ ಬಿದ್ದಂತೆ, ಸೈಕಲ್ ಯಾರದು ಎಂದು ಕೇಳಿದೆ. ಹದಿಮೂರು ವರ್ಷದ ಹಿಂದೆ ಬೇರೊಂದು ಬಂಗಲೆ ಕೆಡವುವಾಗ ಮಾಳಿಗೆಯ ಮೇಲೆ ಸಿಕ್ಕಿತ್ತಂತೆ. ಮನೆಯವರು ತಗೊಂಡು ಹೋಗು ಎಂದರಂತೆ. ಅಂದಿನಿಂದ ಅದರ ಮೇಲೆಯೇ ದಿನಾ ಕೆಲಸಕ್ಕೆ ಬರುವುದು. ಹದಿಮೂರು ವರ್ಷ ಸಿಮೆಂಟು, ಮಳೆ, ಬಿಸಿಲು. ಆದರೂ ನೀಲಿ ಉಳಿದಿತ್ತು. ದಿನಾ ಸಂಜೆ ಒರೆಸುತ್ತಿದ್ದನಂತೆ. ಅದನ್ನು ಕೇಳಿದಾಗ ನನಗೆ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾನು ಕೊರತೆಪಟ್ಟಿ ಶುರು ಮಾಡಿದೆ. ಕಾರ್ಖಾನೆಯಲ್ಲಿ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದೆ. ಒಂದು, ಬಣ್ಣ ಹೋಗಿದೆ, ನೋಡಲಾಗದು. ಎರಡು, ಹೆಸರು ಅರ್ಧ ಅಳಿಸಿ ಗಲೀಜು ಕಾಣುತ್ತದೆ. ಮೂರು, ಹಿಂದೆ ಕ್ಯಾರಿಯರ್ ಇಲ್ಲ, ಸಾಮಾನು ಎಲ್ಲಿ ಇಡಬೇಕು. ನಾಲ್ಕು, ಕೊಳವೆಯ ಮೇಲೆ ಎರಡು ಗುಬುಟು ಎದ್ದಿವೆ, ಅವು ಯಾವ ಉಪಯೋಗಕ್ಕೂ ಇಲ್ಲ. ಆ ಗುಬುಟುಗಳು ಗೇರಿನ ಹಿಡಿಕೆ ಕೂರಿಸಲು ಕಾರ್ಖಾನೆಯವರೇ ಬೆಸೆದದ್ದು. ಅವು ಇದ್ದರೇ ಫ್ರೇಮಿಗೆ ಮರ್ಯಾದೆ. ಒಂದೊಂದು ಕೊರತೆ ಹೇಳಿದಾಗಲೂ ಗೌಂಡಿ ಸೈಕಲ್ಲಿನ ಕಡೆ ನೋಡಿ, ನನ್ನ ಕಡೆ ನೋಡಿ, ಹೌದ್ರಿ ಎಂದು ತಲೆ ತಗ್ಗಿಸಿದ. ಶಾಲೆಯಲ್ಲಿ ಮಗ ಫೇಲಾದ ಸುದ್ದಿ ಕೇಳುವ ತಂದೆಯ ಹಾಗೆ ನಿಂತಿದ್ದ. ಆಮೇಲೆ ನಾನು ಔದಾರ್ಯ ತೋರಿಸಿದೆ. ಇಂಥ ಹಳೆ ಕಬ್ಬಿಣ ನನಗೊಂದು ಶೋಕಿ, ಇದನ್ನು ನನಗೆ ಕೊಡು, ಇದರ ಬದಲಿಗೆ ಹೊಸ ಸೈಕಲ್ ಕೊಡಿಸುತ್ತೇನೆ, ಕ್ಯಾರಿಯರ್, ಸ್ಟ್ಯಾಂಡು, ಬೀಗ ಸಮೇತ, ಎಂದೆ. ಡಾಕ್ಟರು ಆ ಫ್ರೇಮಿಗೆ ಕೊಡುವುದರಲ್ಲಿ ಅಂಥ ಹೊಸ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಬಹುದಿತ್ತು.

ಗೌಂಡಿ ಸೀಟಿನ ಮೇಲಿನ ಗೋಣಿತಟ್ಟನ್ನು ಸರಿಮಾಡಿದ. ಅವನಿಗೆ ಒಪ್ಪಿಗೆಯಿಲ್ಲ ಎಂದುಕೊಂಡೆ. ಅವನ ಸಂಕಟ ಬೇರೆ ಇತ್ತು.

"ಹಳೇದಕ್ಕ ಹೊಸಾದು ಕೊಟ್ರ ನಿಮಗ ಲುಕ್ಸಾನ ಆಗತೈತ್ರಿ ಸಾಹೇಬ್ರ," ಎಂದ.

ಇರಲಿ ಬಿಡು ಕಾಕಾ, ನಮ್ಮವರು ತಮ್ಮವರು ಎಂದ ಮೇಲೆ ಲಾಭ ಲುಕ್ಸಾನು ನೋಡುವುದೇನು ಎಂದೆ. ಈ ಮಾತು ಹೇಳುವಾಗ ನನ್ನ ನಾಲಿಗೆ ತೊದಲಲಿಲ್ಲ ಎನ್ನುವುದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ. ಗೌಂಡಿ ಇನ್ನೂ ಸ್ವಲ್ಪ ಯೋಚಿಸಿ, ಆಗಲಿ, ಎಂಟು ದಿನ ಬಿಟ್ಟು ಬರ್ರಿ ಎಂದ. ಈಗಲೇ ಕೊಡು ಎಂದು ಬಾಯಿಗೆ ಬಂದಿತ್ತು. ಆದರೆ ಅವಸರ ತೋರಿಸಬಾರದು ಎನ್ನುವ ವಿದ್ಯೆ ಇತ್ತಲ್ಲ. ಎಂಟು ದಿನವೇಕೆ, ಹದಿನೈದಾದರೂ ಆದೀತು, ನನಗೇನು ಅವಸರ ಎಂದು ಎದ್ದು ಬಂದೆ. ಬರುವಾಗ ಫೋನಿನಲ್ಲಿ ಮಾತಾಡುವಂತೆ ನಟಿಸಿ ಒಂದು ಫೋಟೋ ಹೊಡೆದುಕೊಂಡೆ. ಕೊತ್ತಂಬರಿ ಮರೆತಿದ್ದೆ.

ಆ ಎಂಟು ದಿನ ನಾನು ಮನುಷ್ಯನಾಗಿರಲಿಲ್ಲ. ಫೋಟೋ ನೋಡಿದ ಡಾಕ್ಟರು ಹಲ್ಲು ಕೀಳಿಸಿಕೊಳ್ಳುತ್ತಿದ್ದ ಯಾರನ್ನೋ ಅರ್ಧಕ್ಕೆ ಬಿಟ್ಟು ಫೋನು ಮಾಡಿದರು. ಬಣ್ಣ ಮೂಲದ್ದೇ ಎಂದು ಮೂರು ಸಲ ಕೇಳಿದರು. ಬೇಕಾದರೆ ಬಂದು ನೋಡಿ, ಮುಂದಿನ ಭಾನುವಾರ ಸಂಜೆ ಮನೆಯಲ್ಲಿರುತ್ತದೆ ಎಂದೆ. ಮಾರುವ ಮಾತು ಆಡಲಿಲ್ಲ. ನಿಜ ಹೇಳುತ್ತೇನೆ, ನನಗೆ ಅದು ಮಾರುವುದಕ್ಕೆ ಬೇಕಾಗಿರಲಿಲ್ಲ. ನನ್ನ ಗೋಡೆಗೆ ಬೇಕಾಗಿತ್ತು. ಪೀಠಾಧಿಪತಿಗಳು ಅದರ ಮುಂದೆ ನಿಂತು ಹೊಟ್ಟೆ ಉರಿದುಕೊಳ್ಳುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕಾಗಿತ್ತು. ಹನ್ನೆರಡು ವರ್ಷ ಗುಜರಿ ಅಂಗಡಿಗಳ ಧೂಳು ಕುಡಿದದ್ದು ಇದೊಂದಕ್ಕಾಗಿ ಎಂದು ಅನ್ನಿಸಿಬಿಟ್ಟಿತ್ತು. ಹೆಂಡತಿಗೂ ಮಾತು ಕೊಟ್ಟೆ. ಇದೊಂದು ಬರಲಿ, ಉಳಿದ ಒಂಬತ್ತನ್ನೂ ದಸರೆಯೊಳಗೆ ಮಾರಿ ಬಾಲ್ಕನಿ ಖಾಲಿ ಮಾಡುತ್ತೇನೆ, ನೀನು ಅಲ್ಲಿ ಸಂಡಿಗೆ ಒಣಗಿಸು ಎಂದೆ.

ಅವಳು ಸಂಡಿಗೆಯ ಆಸೆಗೆ ಬೀಳಲಿಲ್ಲ. "ಅದು ಏನು ಎಂಥಾದ್ದು ಅಂತ ಆ ಮನಿಷಾಗ ಹೇಳೀರೇನು?" ಎಂದು ಕೇಳಿದಳು.

ಹೇಳಿದರೆ ವ್ಯಾಪಾರ ಹೇಗಾಗುತ್ತದೆ ಎಂದು ಅಜ್ಜನ ಹೆಸರು ತೆಗೆದು ದೊಡ್ಡ ಭಾಷಣ ಮಾಡಿದೆ. ಕೇಳಿಸಿಕೊಂಡು, ಅಜ್ಜ ಹೊಸ ಸೀರೆಗೆ ಹರಕು ಅಂತ ಹೇಳಿ ಕೊಂಡಿದ್ದರೇನು ಎಂದಳು. ನಾನು ನೀರು ಕುಡಿಯಲು ಹೋದೆ.

ಎಂಟನೆಯ ದಿನ ಬೆಳಿಗ್ಗೆ ಹೊಸ ಸೈಕಲ್ ತಳ್ಳಿಕೊಂಡು ಹೋದೆ. ಗೌಂಡಿ ಅಂದು ಕೆಲಸಕ್ಕೆ ನಿಂತಿರಲಿಲ್ಲ. ತೊಳೆದ ಅಂಗಿ, ತೊಳೆದ ಧೋತರ. ಪಕ್ಕದಲ್ಲಿ ಅವನ ಹೆಂಡತಿ, ಹೊಸದಲ್ಲದಿದ್ದರೂ ಹಬ್ಬಕ್ಕೆ ಉಡುವ ಸೀರೆ. ಗೋಡೆಗೆ ಏನನ್ನೋ ಆನಿಸಿ ಮೇಲೆ ಚಾದರ ಹೊದಿಸಿದ್ದರು. ಕೆಳಗೆ ತೆಂಗಿನಕಾಯಿ, ಊದಿನಕಡ್ಡಿ. ನನಗೆ ಇನ್ನೂ ಏನೂ ತಿಳಿಯಲಿಲ್ಲ. ಎಷ್ಟು ಗೌರವದ ಜನ, ಮೂಲ ಬಣ್ಣಕ್ಕೆ ಧೂಳು ಕೂರದಂತೆ ಚಾದರ ಹೊದಿಸಿದ್ದಾರೆ ಎಂದುಕೊಂಡೆ.

ಗೌಂಡಿ ಚಾದರ ಎಳೆದ.

ಗಿಳಿಹಸಿರು. ಅಪಾರ್ಟ್‌ಮೆಂಟಿನ ಕಿಟಕಿಯ ಸರಳುಗಳಿಗೆ ಹೊಡೆಯುವ ಎಣ್ಣೆಬಣ್ಣ, ಎರಡು ಕೈ, ಹೊಳೆಯುತ್ತಿತ್ತು. ಸಂದುಗಳ ಅಂಚಿನ ಎಲೆಗಳಿಗೆ ಹಳದಿ ಗೆರೆ. ಅರ್ಧ ಅಳಿಸಿದ್ದ ಹೆಸರಿನ ಗುರುತೂ ಇರಲಿಲ್ಲ. ಅದರ ಜಾಗದಲ್ಲಿ ದಪ್ಪ ಹಳದಿ ಕನ್ನಡ ಅಕ್ಷರಗಳಲ್ಲಿ, ಇನಿಷಿಯಲ್ ಸಮೇತ ನನ್ನ ಹೆಸರು. ಗುಬುಟುಗಳನ್ನು ಅರ ಹಾಕಿ ಉಜ್ಜಿ ನುಣ್ಣಗೆ ಮಾಡಿದ್ದರು. ಹಿಂದೆ ಕಬ್ಬಿಣದ ಕ್ಯಾರಿಯರ್, ನಟ್ಟು ಬೋಲ್ಟು ಅಲ್ಲ, ಗ್ರಿಲ್ ಮಾಡುವವನಿಂದ ಬೆಸುಗೆ ಹಾಕಿಸಿದ್ದು. ಎಲ್ಲದರ ಮೇಲೆ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕೊಟ್ಟ ಕೊರತೆಪಟ್ಟಿಯೊಂದು ಒಂದೂ ಬಿಡದಂತೆ ಸರಿಯಾಗಿ ತಿರುಗಿ ಬಂದದ್ದು ಅದೇ ಮೊದಲು.

ಗೌಂಡಿ ಒಂದೊಂದಾಗಿ ತೋರಿಸಿದ. ಹಳೆ ಬಣ್ಣ ಭಾಳ ಗಟ್ಟಿ ಇತ್ತಂತೆ, ಬಿಡಲೇ ಇಲ್ಲವಂತೆ. ಕೆಲಸ ಮುಗಿದ ಮೇಲೆ ಮೂರು ಸಂಜೆ ಗಂಡ ಹೆಂಡತಿ ಇಬ್ಬರೂ ಕೂತು ಉಸುಕಿನ ಕಾಗದದಿಂದ ಉಜ್ಜಿದರಂತೆ. ಹೆಂಡತಿ ಬೆರಳು ಚಾಚಿ ತೋರಿಸಿದಳು, ತುದಿಗಳು ಸವೆದಿದ್ದವು. ನಮ್ಮ ಕಡೆ ಎತ್ತು ಮಾರಿದರೂ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹಣೆಗೆ ಕುಂಕುಮ ಇಟ್ಟೇ ಕೊಡುತ್ತಾರೆ. ಕೊಂಡವನು ಮನೆಗೆ ಹೊಡೆದುಕೊಂಡು ಹೋದಾಗ ನಾಲ್ಕು ಜನ ಚೊಲೋ ಎತ್ತು ಎನ್ನಬೇಕು, ಕೊಟ್ಟವನ ಹೆಸರು ಉಳಿಯಬೇಕು. ಇದು ನನಗೂ ಗೊತ್ತಿದ್ದ ಪದ್ಧತಿ. ಅಜ್ಜನ ಊರಿನಲ್ಲಿ ಕಣ್ಣಾರೆ ನೋಡಿದ್ದೆ.

"ಹೊಸ ಸೈಕಲ್ ಕೊಡಾಕತ್ತೀರಿ, ನಿಮಗ ಹಂತಾ ಕೆಟ್ಟದ್ದು ಹೆಂಗ ಕೊಡೂದ್ರಿ," ಎಂದ ಗೌಂಡಿ. "ಮನಸಿಗಿ ಬಂತೇನ್ರಿ?"

ನಾನು ಬಂತು ಎಂದೆ. ಬೇರೆ ಏನು ಹೇಳಲಿ? ಬಣ್ಣ ಕೆಟ್ಟಿದೆ ಎಂದವನು ನಾನೇ. ಕ್ಯಾರಿಯರ್ ಕೇಳಿದವನು ನಾನೇ. ಕಾಯಿ ಒಡೆದರು, ಒಂದು ಹೋಳು ನನ್ನ ಕೈಗಿಟ್ಟರು. ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನನ್ನ ಹೆಸರಿನ ಹಸಿರು ಸೈಕಲ್ಲನ್ನು ತಳ್ಳಿಕೊಂಡು ಕೋಚಿಂಗ್ ಸೆಂಟರುಗಳ ಮುಂದೆ ಮೆರವಣಿಗೆ ಬಂದೆ. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ನಾಯಿಯೊಂದಕ್ಕೆ ಗದರಿಸಿದೆ.

ಸಂಜೆ ಡಾಕ್ಟರು ಬಂದರು. ಬರಬೇಡಿ ಎಂದು ಹೇಳಲು ನನಗೆ ಧೈರ್ಯ ಬಂದಿರಲಿಲ್ಲ. ನೋಡಿದವರು ಕುರ್ಚಿಗೆ ಕುಸಿದು ನೀರು ಕೇಳಿದರು. ಬೆಸುಗೆಯ ಜಾಗ ಮುಟ್ಟಿ ನೋಡಿ ಕಣ್ಣು ಮುಚ್ಚಿದರು. ಸೂತಕದ ಮನೆಯಲ್ಲಿ ಮಾಡುವಂತೆ ಚಹಾ ಒಲ್ಲೆ ಎಂದರು, ಹೋಗುವಾಗ ಹೋಗಿ ಬರುತ್ತೇನೆ ಎಂದು ಕೂಡ ಹೇಳಲಿಲ್ಲ. ಒಂದು ತಾಸಿನಲ್ಲಿ ಸುದ್ದಿ ಮಠಕ್ಕೆಲ್ಲ ಹಬ್ಬಿತು. ಮೂವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು, ಅಂಥ ಅನಾಗರಿಕನ ಕೈಗೆ ಇಂಥದ್ದು ಸಿಗಬಾರದಿತ್ತು ಎಂದು ಬರೆದರು. ಅದು ಗೌಂಡಿಯನ್ನು ಕುರಿತು ಬರೆದದ್ದು. ನಾನು ತಿದ್ದಲಿಲ್ಲ.

ಮನೆಯಲ್ಲಿ ಬೇರೆಯೇ ಹಬ್ಬ. ಹೆಂಡತಿ ಸೈಕಲ್ಲನ್ನು ಸುತ್ತಿ ನೋಡಿ, ಕ್ಯಾರಿಯರ್ ಹಿಡಿದು ಅಲ್ಲಾಡಿಸಿ, ಅದು ಅಲ್ಲಾಡದ್ದನ್ನು ಕಂಡು ಸಂತೋಷಪಟ್ಟಳು. "ಇಷ್ಟ ವರ್ಷಕ್ಕ ಈ ಮನಿಗಿ ಒಂದು ಸೈಕಲ್ ಬಂತು ನೋಡ್ರಿ," ಎಂದಳು. ಮರುದಿನದಿಂದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಕೈಯಿಂದ ತಳ್ಳಿಕೊಂಡು ಹೋಗುವುದು, ಕ್ಯಾರಿಯರ್ ತುಂಬ ಕಾಯಿಪಲ್ಲೆ ಹೇರಿಕೊಂಡು ಬರುವುದು. ಇಟಲಿಯ ಯಾವುದೋ ಊರಿನಲ್ಲಿ ಯಾರೋ ಮುದುಕ ಪರ್ವತದ ರೇಸಿಗೆಂದು ಬೆಸೆದ ಫ್ರೇಮು ನಾರಾಯಣಗೂಡದ ಸೋರೆಕಾಯಿ ಹೊರತೊಡಗಿತು. ನಾನು ಹಿಂದಿನ ಓಣಿಯ ಕಡೆ ಹೋಗುವುದನ್ನೇ ಬಿಟ್ಟೆ. ತಿಂಗಳಾಯಿತು.

ಒಂದು ದಿನ ಹೆಂಡತಿ ಕಾಯಿಪಲ್ಲೆ ಇಳಿಸುತ್ತ, ಗೌಂಡಿ ಸಿಕ್ಕಿದ್ದ ಎಂದಳು. ಕಟ್ಟಡದ ಕೆಲಸ ಮುಗಿಯಿತಂತೆ, ನಾಡಿದ್ದು ಗಂಟುಮೂಟೆ ಕಟ್ಟಿ ಕೊಂಪಲ್ಲಿ ಕಡೆ ಹೋಗುತ್ತಾರಂತೆ. ಸಾಹೇಬರು ಯಾಕೆ ಕಾಣುವುದಿಲ್ಲ, ಬಣ್ಣ ಮನಸ್ಸಿಗೆ ಬರಲಿಲ್ಲವೇನು ಎಂದು ಎರಡು ಸಲ ಕೇಳಿದನಂತೆ. "ಅಂವಾ ಏನೋ ತಪ್ಪು ಮಾಡೀನಿ ಅಂತ ತಿಳಕೊಂಡಾನ," ಎಂದಳು. "ಹೋಗಿ ಖರೇ ಹೇಳಿ ಬರ್ರಿ. ಇಲ್ಲಂದ್ರ ನಾ ಹೇಳತೀನಿ."

ಹೋದೆ. ಸೈಕಲ್ಲಿನ ಮೇಲೆಯೇ ಹೋದೆ. ಹನ್ನೆರಡು ವರ್ಷ ಫ್ರೇಮು ಮಾರಿದವನು ಅಂಥದ್ದೊಂದರ ಮೇಲೆ ಕುಳಿತದ್ದು ಅದೇ ಮೊದಲು. ಎರಡು ಸಲ ತುಳಿದಿದ್ದೆ ಅಷ್ಟೇ, ಓಣಿ ಹಿಂದಕ್ಕೆ ಸರಿಯಿತು. ಮೂವತ್ತು ಜನ ಕೂತು ಚರ್ಚಿಸುತ್ತಿದ್ದದ್ದು ಈ ಓಟವನ್ನೇ, ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ. ಅವನು ಹೊಸ ಕಟ್ಟಡದ ಗೇಟಿನ ಮುಂದೆ ಕರಣಿ, ತೂಗುಗುಂಡು, ನೂಲು ಎಲ್ಲ ಚೀಲಕ್ಕೆ ತುಂಬುತ್ತಿದ್ದ.

ಹೇಳಿದೆ. ನಿಂತಲ್ಲೇ ಎಲ್ಲ ಹೇಳಿದೆ. ಅದು ಎಲ್ಲಿಯದು, ಎಷ್ಟು ಬೆಲೆಯದು, ಬಣ್ಣಕ್ಕೇ ಬೆಲೆ ಇದ್ದದ್ದು, ನಾನು ಹೇಳಿದ ನಾಲ್ಕು ಕೊರತೆಯೂ ಸುಳ್ಳು, ಅಗ್ಗಕ್ಕೆ ಹೊಡೆಯಲು ಹೇಳಿದ್ದು. ತಲೆ ಎತ್ತದೆ ಹೇಳಿದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಬೆಲೆಯ ಮಾತು ಅವನ ಕಿವಿಗೆ ಬಿದ್ದ ಹಾಗೆಯೇ ಕಾಣಲಿಲ್ಲ. ನೂಲಿನ ಉಂಡೆ ಕೈಯಲ್ಲಿ ತಿರುಗಿಸುತ್ತ ನಿಂತ.

"ಚೊಲೋ ಐತಿ ಅಂತ ನನಗ ಗೊತ್ತಿತ್ರಿ," ಎಂದ. "ತಂದ ದಿನಾನ ಈ ನೂಲು ಹಿಡದು ನೋಡಿದ್ದೆ. ಹಿಂದಿಂದ ಮುಂದಕ ಸುತ್ತಿ, ಎರಡೂ ಬಾಜೂ. ಕೂದಲೆಳಿ ಸೊಟ್ಟ ಇಲ್ಲ. ನಾ ಕಟ್ಟಿದ ಗ್ವಾಡಿನೂ ಅಷ್ಟ ನೆಟ್ಟಗ ಬರಂಗಿಲ್ರಿ."

ಯಾವ ಮಠದಲ್ಲಿ ಕಲಿತಿದ್ದನೋ. ಹಾಗಿದ್ದರೆ ನಾನು ತೆಗಳಿದಾಗ ಯಾಕೆ ಸುಮ್ಮನಿದ್ದೆ ಕಾಕಾ ಎಂದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತು. ಓದಿದವರು, ನಮ್ಮ ಕಡೆಯವರು, ಇಷ್ಟು ಹೇಳುತ್ತಿದ್ದಾರೆಂದರೆ ನನ್ನ ಕಣ್ಣಿಗೇ ಕಾಣದ ಕೊರತೆ ಇರಬೇಕು ಎಂದುಕೊಂಡೆ ಎಂದ. ಸೈಕಲ್ ವಾಪಸು ತಗೋ ಎಂದೆ. ಕೊಟ್ಟದ್ದನ್ನು ತಿರುಗಿ ತಗೊಳ್ಳುವುದು ನಮ್ಮ ಮನೆತನದಲ್ಲಿಲ್ಲ ಎಂದು ಕೈ ಮಾಡಿದ. ಹೊಸದು ಹೇಗಿದೆ ಎಂದು ಕೇಳಿದ್ದಕ್ಕೆ, ಭಾಳ ಗಟ್ಟಿ ಐತ್ರಿ ಎಂದು ಹೊಗಳಿದ. ಆದರ ತುಳಿಯಾಕ ಜಡ ಐತಿ ಎಂದ. ಆಮೇಲೆ ಟವೆಲ್ಲಿನಿಂದ ಕೈ ಒರೆಸಿಕೊಂಡು, ಒಂದು ಸುತ್ತು ಹೊಡೆದು ಕೊಡಲೇನು ಎಂದು ಕೇಳಿದ. ತನ್ನ ಸೈಕಲ್ಲಿಗೆ ನನ್ನ ಅಪ್ಪಣೆ ಕೇಳಿದ.

ಧೋತರ ಎತ್ತಿ ಕಟ್ಟಿ ಹತ್ತಿದ. ಚೀಲ ಹೊತ್ತು ಬಾಗಿದ್ದ ಬೆನ್ನು ಅದರ ಮೇಲೆ ಕೂತ ಕೂಡಲೇ ತಾನಾಗಿಯೇ ಮುಂದಕ್ಕೆ ಒರಗಿತು, ಕೈಗಳು ಸಡಿಲಾದವು. ಆಟೋ, ಹುಡುಗರು, ಇಡ್ಲಿಯ ಬಂಡಿ ಎಲ್ಲದರ ನಡುವೆ ಬ್ರೇಕು ಮುಟ್ಟದೆ ಓಣಿಯ ತುದಿಗೆ ಹೋಗಿ, ತಿರುಗಿ ಅದೇ ವೇಗದಲ್ಲಿ ಬಂದ. ಇಳಿದು, ತಾನು ಕೂತ ಸೀಟನ್ನು ಟವೆಲ್ಲಿನಿಂದ ಒರೆಸಿ, ಹ್ಯಾಂಡಲ್ ನನ್ನ ಕೈಗೆ ಕೊಟ್ಟ.

"ಕಾಕಾ, ಸೈಕಲ್ ಭಾಳ ಚೊಲೋ ಐತಿ," ಎಂದೆ. ತಪ್ಪೊಪ್ಪಿಗೆ ಬಿಟ್ಟರೆ ಅವನಿಗೆ ನಾನು ಹೇಳಿದ ಮೊದಲ ನಿಜ ಅದು. ಕಾಕಾ ಎಂದದ್ದೂ ಅವತ್ತೇ ಮೊದಲು ಎನ್ನಬೇಕು.

ಅವನು ಹಸಿರು ಕೊಳವೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ, ಮೊದಲು ಆ ಕಂಪನಿಯ ಅರ್ಧ ಹೆಸರು ಇದ್ದ ಜಾಗದಲ್ಲಿ.

"ಇದೊಂದ ಮಾತು ಅವತ್ತ ಅಂದಿದ್ರ ಸಾಕಾಗಿತ್ರಿ," ಎಂದ. "ಉಜ್ಜತಿದ್ದಿಲ್ಲ. ನನಗೂ ಆ ನೀಲಿ ಭಾಳ ಸೇರತಿತ್ರಿ."